ಹಾಜಿಯವರ ಜೊತೆ ಘಾಟಿಯ ಕೆರೆಗಳಿಗೆ

ನಾನು ಕೆಲಸಕ್ಕಿದ್ದ ಅಂಗಡಿಯ ಯಜಮಾನರ ತಂದೆ ನೀರು ಕುಡಿಯುವುದನ್ನು ಬಿಟ್ಟಾಗ ನಾನು ಕುವೈತ್‌ಗೆ ಬಂದು ಆರು ವರ್ಷ ಕಳೆದಿತ್ತು. ರಾಯ್ ಬಡಾವಣೆಯಲ್ಲಿ ಯಜಮಾನರದು ಪಂಪುಗಳ ಶೋರೂಮ್. ಮುಂದೆ ಗಾಜಿನ ಬಾಗಿಲು, ಹಿಂದೆ ವರ್ಕ್‌ಶಾಪು, ನಡುವೆ ಒಂದು ತಗಡಿನ ಗೋಡೆ. ಆ ಗೋಡೆಯ ಹಿಂದಿನ ಸೆಕೆಯಲ್ಲಿ ಕೂತ ಇಂಜಿನಿಯರ್ ನಾನು. ಯಜಮಾನರೇ ನನ್ನ ಕಫೀಲ್, ಅಂದರೆ ವೀಸಾಕ್ಕೆ ಹೊಣೆಗಾರ. ನಾನು ಆ ದೇಶದಲ್ಲಿ ಇರಬೇಕೋ ಬೇಡವೋ ಎನ್ನುವುದು ಅವರ ಕೈಯಲ್ಲಿತ್ತು. ಹಾಗೆಂದು ಕೆಟ್ಟವರಲ್ಲ. ಬೈಯುವಾಗ ಅರಬ್ಬಿ, ಮೆಚ್ಚುವಾಗ ಇಂಗ್ಲಿಷ್. ಅದರಿಂದ ಅವರ ಬೈಗುಳ ನನಗೆ ಅರ್ಧ ತಿಳಿಯುತ್ತಲೇ ಇರಲಿಲ್ಲ.

ಅವರ ಮನೆಯ ತಾರಸಿಯ ಟ್ಯಾಂಕಿಗೆ ನೀರೇರಿಸುವ ಪಂಪು ಕೆಟ್ಟಿತೆಂದು ಒಂದು ದಿನ ನಾನೇ ಹೋಗಿದ್ದೆ. ವಾಷರನ್ನು ತಿರುಗುಮುರುಗಾಗಿ ಹಾಕಿದ್ದ ಪ್ಲಂಬರನಿಗೆ ಹಿಂದಿಯಲ್ಲಿ ಪಾಠ ಮಾಡುತ್ತಿದ್ದಾಗ ಒಳಗಿನ ಕೋಣೆಯಿಂದ ಯಾರೋ ಹಿಂದಿಯಲ್ಲೇ ಕರೆದರು. ಹೋಗಿ ನೋಡಿದರೆ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಯಜಮಾನರ ತಂದೆ. ಪಾರ್ಶ್ವವಾಯು ಹೊಡೆದು ಎಡಗಾಲು ಬಿದ್ದುಹೋಗಿತ್ತು, ಎರಡೂ ಕಣ್ಣಿಗೆ ಪೊರೆ. ಮನೆಯವರೆಲ್ಲ ಅವರನ್ನು ಹಾಜಿ ಎನ್ನುತ್ತಿದ್ದರು.

"ಏ ಹಿಂದಿ, ನಿಂದು ಯಾವ ಬಂದರು?" ಎಂದರು. ಹಿಂದಿ ಎಂದರೆ ಅವರ ಬಾಯಲ್ಲಿ ಭಾರತದವನು.

"ಬಂದರಲ್ಲ ಹಾಜಿ, ನಮ್ಮದು ಮಂಡ್ಯ."

"ಮಂಗಳೂರು ಗೊತ್ತು. ಕಲ್ಲಿಕೋಟೆ ಗೊತ್ತು. ಮಂಡ್ಯ ಯಾವ ಸಮುದ್ರಕ್ಕೆ?"

ಸಮುದ್ರವೇ ಇಲ್ಲದ ಊರು ಎಂದಾಗ ಅವರಿಗೆ ನನ್ನ ಮೇಲೆ ಮರುಕ ಹುಟ್ಟಿತು. ಅವರ ಹಿಂದಿ ಬೊಂಬಾಯಿ ಬಂದರಿನಲ್ಲಿ ಕಲಿತದ್ದು, ಅರ್ಧ ಬೈಗುಳ, ಅರ್ಧ ವ್ಯಾಪಾರ. ಮರಕ್ಕೆ, ಹೆಂಚಿಗೆ ಅಂತ ನಮ್ಮ ಕರಾವಳಿಗೆ ಹಲವು ಸಲ ಬಂದಿದ್ದರು. ಆದರೆ ಅವರು ಬದುಕಿದ್ದು ನೀರಿನಿಂದ. ಎಣ್ಣೆ ಸಿಗುವ ಮೊದಲು ಕುವೈತ್‌ನಲ್ಲಿ ಸಿಹಿನೀರಿರಲಿಲ್ಲ. ಉತ್ತರದಲ್ಲಿ ಬಸ್ರಾದ ಕೆಳಗೆ ಹರಿಯುವ ಶತ್ ಅಲ್ ಅರಬ್ ನದಿಯಿಂದ ದೋಣಿಗಳಲ್ಲಿ ಮರದ ತೊಟ್ಟಿ ತುಂಬಿಸಿ ತರಬೇಕಿತ್ತು. ಅಂಥ ಒಂದು ದೋಣಿ ಹಾಜಿಯವರದು.

ಅವರು ನನಗೆ ಹೇಳಿಕೊಟ್ಟ ಮೊದಲ ಪಾಠ ಇದು. ಆ ನದಿಯೊಳಕ್ಕೆ ಸಮುದ್ರದ ಉಬ್ಬರ ನುಗ್ಗುತ್ತದೆ. ಉಬ್ಬರದ ಹೊತ್ತಿನಲ್ಲಿ ತುಂಬಿಕೊಂಡರೆ ಉಪ್ಪು. ಇಳಿತ ಶುರುವಾದ ಮೇಲೆ ಮೇಲಿನ ಸಿಹಿನೀರು ಕೆಳಗೆ ಬರುತ್ತದೆ, ಆಗ ಬಾಯಿಗೆ ಹಾಕಿ ನೋಡಿ ತುಂಬಿಕೊಳ್ಳಬೇಕು. ದಡದಲ್ಲಿ ನೀರಿನ ಅಂಚಿಗೆ ಒಂದು ಕಲ್ಲಿಟ್ಟು, ಕಲ್ಲಿಗೂ ನೀರಿಗೂ ನಡುವೆ ಒಂದು ಮೊಳ ಒಣನೆಲ ಬೀಳುವವರೆಗೆ ಅವರು ಹನಿಯನ್ನೂ ಮುಟ್ಟುತ್ತಿರಲಿಲ್ಲವಂತೆ.

ಈಗ ಅವರು ನೀರೇ ಕುಡಿಯುತ್ತಿರಲಿಲ್ಲ. ಕುವೈತ್‌ನ ನಲ್ಲಿಯಲ್ಲಿ ಬರುವುದು ಸಮುದ್ರದ ನೀರನ್ನು ಕಾಯಿಸಿ ಉಪ್ಪು ತೆಗೆದ ನೀರು. ಇಪ್ಪತ್ತೈದು ವರ್ಷ ಅದನ್ನೇ ಕುಡಿದವರು ಕಾಯಿಲೆ ಬಿದ್ದ ಮೇಲೆ ಒಂದು ದಿನ ಲೋಟ ದೂಡಿ "ಇದು ಮಶೀನಿನ ನೀರು" ಎಂದರು. ಹಾಲು ಕೊಟ್ಟರೆ ಅದರಲ್ಲಿರುವುದೂ ಅದೇ ನೀರು, ಟೀ ಕೊಟ್ಟರೂ ಅದೇ ನೀರು. ಶತ್ತಿನ ನೀರು ತನ್ನಿ, ಕುಡಿಯುತ್ತೇನೆ ಎಂಬುದು ಅವರ ಹಟ. ಬಲವಂತಕ್ಕೆ ದಿನಕ್ಕೆ ನಾಲ್ಕಾರು ಚಮಚೆ ಒಳಗೆ ಹೋಗುತ್ತಿತ್ತು. ಗ್ಲೂಕೋಸ್ ಹಾಕಿದರೆ ಸೂಜಿ ಕಿತ್ತು ಎಸೆಯುತ್ತಿದ್ದರು. ಹೀಗೇ ಆದರೆ ಕಿಡ್ನಿ ಹೆಚ್ಚು ದಿನ ಬಾಳುವುದಿಲ್ಲ ಎಂದು ಡಾಕ್ಟರು ಯಜಮಾನರಿಗೆ ಸ್ಪಷ್ಟವಾಗಿ ಹೇಳಿದ್ದರು.

ಆಗ ಇರಾನ್ ಇರಾಕ್ ಯುದ್ಧ. ಬಸ್ರಾದ ರಸ್ತೆಯೇನೋ ತೆರೆದಿತ್ತು, ನದಿಯ ದಡಕ್ಕೆ ಮಾತ್ರ ಸಿಪಾಯಿಗಳು ಬಿಡುತ್ತಿರಲಿಲ್ಲ. ಯಜಮಾನರು ಒಬ್ಬ ಡ್ರೈವರನ್ನು ಕಳಿಸಿ ಒಂದು ಕ್ಯಾನ್ ತರಿಸಿದರು. ಹಾಜಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, "ಇದು ನಲ್ಲಿಯದು" ಎಂದರು. ಗದರಿಸಿ ಕೇಳಿದಾಗ ಡ್ರೈವರ್ ಒಪ್ಪಿಕೊಂಡ. ಗಡಿ ದಾಟಿದ ಕೂಡಲೇ ಒಂದು ಚಹಾದಂಗಡಿಯ ನಲ್ಲಿಯಲ್ಲಿ ಹಿಡಿದುಕೊಂಡು ಬಂದಿದ್ದನಂತೆ. ಅಂಥ ನಾಲಿಗೆ ಅವರದು.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಕನ್ನಂಬಾಡಿ ಕಟ್ಟೆ ನೋಡಿ ಬೆಳೆದವನಿಗೆ ನೀರಿನ ವಿಷಯದಲ್ಲಿ ಒಂದು ಜಂಬ ಇರುತ್ತದೆ. ಬೆಟ್ಟದ ತುದಿಯಲ್ಲಿ ಹುಟ್ಟಿದ ನೀರು, ಅದರ ಮೇಲೆ ಊರಿಲ್ಲ ಅಂದರೆ ಸಾಕು, ನಮಗೆ ಅದು ತೀರ್ಥ. ಜುಲೈನಲ್ಲಿ ಯಜಮಾನರು ಪಂಪು ತಯಾರಿಸುವ ಕಂಪನಿಯವರನ್ನು ಕಾಣಲು ಆಲ್ಪ್ಸ್ ಬೆಟ್ಟಗಳ ಕಡೆಗೆ ಹೋಗುವುದಿತ್ತು. ನಾನೂ ಜೊತೆಗೆ. ಹಾಜಿಯವರನ್ನೂ ಕರೆದುಕೊಂಡು ಹೋಗೋಣ, ಅಲ್ಲಿ ಘಾಟಿಯ ಮೇಲೆ ಕೆರೆಗಳಿವೆ, ಅಂಥ ಸಿಹಿನೀರು ಶತ್ತಿನಲ್ಲೂ ಇರಲಿಕ್ಕಿಲ್ಲ ಎಂದೆ.

"ಅವರು ಬರುವುದಿಲ್ಲ," ಎಂದರು ಯಜಮಾನರು.

"ಶತ್ತಿಗೆ ಹೋಗುತ್ತಿದ್ದೇವೆ ಅನ್ನಿ. ಯುದ್ಧದಿಂದ ರಸ್ತೆ ಬಂದ್ ಆಗಿದೆ, ಸುತ್ತಿ ವಿಮಾನದಲ್ಲಿ ಹೋಗಬೇಕು ಅನ್ನಿ. ಕಣ್ಣು ಕಾಣುವುದಿಲ್ಲವಲ್ಲ."

ಅಪ್ಪನಿಗೆ ಸುಳ್ಳು ಹೇಳುವುದು ಯಜಮಾನರಿಗೆ ಒಗ್ಗುವ ಕೆಲಸವಲ್ಲ. ಆದರೆ ಸುಳ್ಳು ನನ್ನದಾಗಿದ್ದರಿಂದ ಅವರಿಗೆ ಅದು ಔಷಧಿಯ ಚೀಟಿಯ ಹಾಗೆ ಕಂಡಿರಬೇಕು. ಮರುದಿನವೇ ಟಿಕೆಟ್ಟಿಗೆ ಹೇಳಿದರು.

ಶೋರೂಮಿನ ಸ್ಟೋರ್ ನೋಡಿಕೊಳ್ಳುತ್ತಿದ್ದ ಬ್ಯಾರಿ ಗೆಳೆಯ ಉಳ್ಳಾಲದ ಕಡೆಯವನು. ಸುದ್ದಿ ಕೇಳಿ ಅವನಿಗೆ ನಗು ಬರಲಿಲ್ಲ. "ಅಲ್ಲ ಮಾರಾಯ್ರೆ, ಸುಳ್ಳು ಹೇಳುದಾದ್ರೆ ಕಡೇವರೆಗೂ ಹೇಳ್ಬೇಕು. ಅರ್ಧದಲ್ಲಿ ಬಿಡ್ಲಿಕ್ಕೆ ಆಗುದಿಲ್ಲ. ನಿಮ್ಮಿಂದ ಆಗ್ತದಾ?" ಎಂದು ಕೇಳಿದ. ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲ್ಯಾಟಿನಲ್ಲಿ ಸ್ವೆಟರ್ ಮಡಿಸುತ್ತಿದ್ದ ನನ್ನ ಹೆಂಡತಿ ಇನ್ನೂ ನೇರವಾಗಿ ಹೇಳಿದಳು: "ರೀ, ಅವರು ಏನಂದ್ರೂ ಹೂಂ ಅನ್ನಿ ಸಾಕು. ತಿದ್ದೋಕೆ ಹೋಗ್ಬೇಡಿ." ಹಿಂದಿನ ಯುಗಾದಿಗೆ ಗೆಳೆಯರ ಮನೆಯಲ್ಲಿ ಪಂಚಾಂಗ ಓದುತ್ತಿದ್ದವರನ್ನು ಎರಡು ಸಲ ತಿದ್ದಿ ನಾನು ಊಟ ತಣ್ಣಗಾಗಿಸಿದ್ದೆ, ಅವಳಿಗೆ ಅದು ನೆನಪಿತ್ತು.

ವಿಮಾನದಲ್ಲಿ ಹಾಜಿ ಮಗುವಿನ ಹಾಗೆ ಖುಷಿಯಾಗಿದ್ದರು. ತುಟಿ ಒಡೆದಿತ್ತು. ಯಜಮಾನರು ಹತ್ತಿ ಅದ್ದಿ ಒರೆಸುತ್ತಿದ್ದರು. ಅದೂ ಮಶೀನಿನ ನೀರೇ, ಆದರೆ ಶತ್ತಿಗೆ ಹೋಗುತ್ತಿದ್ದೇವಲ್ಲ ಎಂದು ಹಾಜಿ ಅದನ್ನು ಸಹಿಸಿಕೊಂಡರು.

ಬಾಡಿಗೆ ಕಾರಿನಲ್ಲಿ ಘಾಟಿ ಹತ್ತಿದೆವು. ಯಜಮಾನರು ಸ್ಟೀರಿಂಗಿನಲ್ಲಿ, ಹಿಂದೆ ಹಾಜಿ ಮತ್ತು ನಾನು, ಡಿಕ್ಕಿಯಲ್ಲಿ ಗಾಲಿಕುರ್ಚಿ. ತಿರುವಿಗೆ ತಿರುವು, ಕಾರು ಅತ್ತಿತ್ತ ವಾಲುತ್ತಿತ್ತು. "ಇದೇನು ಇಷ್ಟು ಅಲೆ?" ಎಂದರು ಹಾಜಿ. ರಸ್ತೆ ಕೆಟ್ಟಿದೆ ಎಂದೆ. ಚಳಿ ಎಂದರು. ಚಳಿಗಾಲ ಹಾಜಿ, ಎಂದೆ. ಕಾಯಿಲೆ ಬಿದ್ದ ಮೇಲೆ ಅವರಿಗೆ ಋತುಗಳ ಲೆಕ್ಕ ತಪ್ಪಿತ್ತು. ಸುಳ್ಳು ಹೇಳುವುದು ನಾನು ಅಂದುಕೊಂಡದ್ದಕ್ಕಿಂತ ಸಲೀಸಾಗಿತ್ತು.

ಮೊದಲ ಕೆರೆ ಘಾಟಿಯ ಅರ್ಧದಲ್ಲಿ. ಹಸಿರು ನೀರು, ಸುತ್ತ ಹುಲ್ಲು, ಕೊರಳಿಗೆ ಗಂಟೆ ಕಟ್ಟಿದ ದನಗಳು. ಹಾಜಿ ಕಿವಿಗೊಟ್ಟರು.

"ಬಸ್ರಾದ ಎಮ್ಮೆಗಳಿಗೆ ಗಂಟೆ ಕಟ್ಟುವುದನ್ನು ನಾನು ಕೇಳಿಲ್ಲ."

"ಈಗ ಕಟ್ಟುತ್ತಾರೆ ಯುಬಾ," ಎಂದರು ಯಜಮಾನರು. ಯುಬಾ ಎಂದರೆ ಅಪ್ಪ. "ಯುದ್ಧದಲ್ಲಿ ತಪ್ಪಿಸಿಕೊಳ್ಳಬಾರದಲ್ಲ."

ಹಾಜಿ ನಂಬಿದರು. ಕುರ್ಚಿಯನ್ನು ನೀರಿನ ಅಂಚಿಗೆ ತಳ್ಳಿಸಿಕೊಂಡು, ಒಂದು ಕಲ್ಲು ಕೇಳಿ, ಬಾಗಿ, ನೀರು ಮುಟ್ಟುವ ಕಡೆ ಅದನ್ನಿಟ್ಟರು. ಅರ್ಧ ಗಂಟೆಗೊಮ್ಮೆ ಕೈಯಾಡಿಸಿ ನೋಡಿದರು. ಮಧ್ಯಾಹ್ನದವರೆಗೆ ಕಲ್ಲು ಅಲ್ಲೇ, ನೀರೂ ಅಲ್ಲೇ. ನಾನು ಸ್ಟೀಲ್ ಲೋಟದಲ್ಲಿ ಹಿಡಿದು ಕೊಟ್ಟೆ. ಮೂಸಿ ಹಿಂದಕ್ಕೆ ಕೊಟ್ಟರು. ಇಳಿತ ಬರಲಿ ಎಂದರು.

ಎರಡನೆಯದು ಘಾಟಿಯ ನೆತ್ತಿಯಲ್ಲೇ. ಜುಲೈ ತಿಂಗಳಲ್ಲೂ ಮೂಲೆಯಲ್ಲಿ ಹಿಮದ ಚೂರುಗಳು ತೇಲುತ್ತಿದ್ದವು. ಹುಲ್ಲೂ ಇಲ್ಲ, ಬರೀ ಬಂಡೆ. ಇಷ್ಟು ಚೆಂದದ ಜಾಗ ನಾನು ಜೀವಮಾನದಲ್ಲಿ ಕಂಡಿರಲಿಲ್ಲ, ಆದರೆ ಕಂಡಷ್ಟೂ ನನಗೆ ಭಯವಾಗುತ್ತಿತ್ತು. ಹಾಜಿ ನೀರಿಗೆ ಕೈಯಿಟ್ಟು ಸರ್ರನೆ ತೆಗೆದರು. ಎರಡು ಗಂಟೆ ಕೂತರು. ಕಲ್ಲು ಕದಲಲಿಲ್ಲ. "ಸತ್ತ ನೀರು," ಎಂದರು. ಅಂದು ಅವರು ಒಟ್ಟು ಮೂರು ಚಮಚೆ ಕುಡಿದಿದ್ದರು. ಯಜಮಾನರು ನನ್ನ ಮುಖ ನೋಡದೆ ಕಾರು ಹತ್ತಿದರು.

ಘಾಟಿಯ ಆಚೆ ಬದಿ ಇಳಿದರೆ ಒಂದು ಸಣ್ಣ ಜಲಾಶಯ. ಎರಡು ಗುಡ್ಡಗಳ ನಡುವೆ ಗೋಡೆ ಕಟ್ಟಿ ನಿಲ್ಲಿಸಿದ ನೀರು. ಆ ಕಂಪನಿಯ ಪಂಪುಗಳು ಅಲ್ಲಿ ಕೆಲಸ ಮಾಡುತ್ತಿದ್ದುದರಿಂದ ನಮಗೆ ತೋರಿಸಲೆಂದು ಅಲ್ಲಿನ ಅತಿಥಿಗೃಹದಲ್ಲಿ ಎರಡು ರಾತ್ರಿ ಇಳಿಸಿದ್ದರು. ಅಂದು ರಾತ್ರಿ ದಾರಿಯ ಹೋಟೆಲಿನಲ್ಲಿ ಮಲಗಿ, ಮರುದಿನ ಮಧ್ಯಾಹ್ನ ಅಲ್ಲಿಗೆ ತಲುಪಿದೆವು. ಹಾಜಿ ಹಟ ಮಾಡಿ ಮತ್ತೆ ನೀರಿನ ಅಂಚಿಗೆ ಹೋದರು, ಮತ್ತೆ ಕಲ್ಲಿಟ್ಟರು. ನನಗೆ ಬೇಸರ ಬಂದು ಹುಲ್ಲಿನ ಮೇಲೆ ಕೂತೆ.

ಒಂದು ಗಂಟೆಯ ಮೇಲೆ ಹಾಜಿ ಕೈಯಾಡಿಸಿದರು. ಕಲ್ಲು ಸಿಕ್ಕಿತು. ಅದರಾಚೆ ಒದ್ದೆ ನೆಲ ಸಿಕ್ಕಿತು. ನೀರು ಸಿಗಲಿಲ್ಲ. ಇನ್ನೂ ಬಾಗಿ, ಕುರ್ಚಿಯಿಂದ ಬೀಳುವ ಹಾಗೆ ಚಾಚಿದಾಗ ಬೆರಳ ತುದಿಗೆ ನೀರು ತಾಕಿತು.

"ಇಳಿತ," ಎಂದರು. ಸಣ್ಣ ದನಿ. "ಮಗನೇ, ಇಳಿತ ಶುರುವಾಯಿತು."

ಒಂದು ಮೊಳ ಆಗುವವರೆಗೆ ಕಾದರು. ಆಮೇಲೆ ಲೋಟ ಕೇಳಿದರು. ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಹೊರಳಿಸಿ ನುಂಗಿದರು. ಮಣ್ಣು ಕಡಿಮೆ, ಆದರೂ ಪರವಾಗಿಲ್ಲ ಎಂದರು. ನಾಲ್ಕು ಲೋಟ ಕುಡಿದರು. ಯಜಮಾನರು ಅಣೆಕಟ್ಟೆಯ ಗೋಡೆಗೆ ಮುಖ ಮಾಡಿ ಅತ್ತರು, ಆಮೇಲೆ ಬಂದು ನನ್ನ ತಲೆಗೆ ಮುತ್ತಿಟ್ಟರು. ನನಗೂ ಕಣ್ಣು ತುಂಬಿತು. ನಾನು ಜೀವ ಉಳಿಸಿದೆ ಅಂದುಕೊಂಡೆ, ಸುಳ್ಳಲ್ಲ.

ಆ ನೀರು ಯಾಕೆ ಇಳಿಯಿತೆಂದು ನನಗೆ ಗೊತ್ತಿತ್ತು. ಅದು ನನ್ನ ಕಸುಬು. ಹಗಲು ಕರೆಂಟಿಗೆ ಬೇಡಿಕೆ ಹೆಚ್ಚಿದಾಗ ಆ ನೀರನ್ನು ಕೊಳವೆಯಲ್ಲಿ ಕೆಳಗಿನ ಕೊಳಕ್ಕೆ ಬಿಟ್ಟು ಟರ್ಬೈನ್ ತಿರುಗಿಸುತ್ತಾರೆ, ಇರುಳು ಬೇಡಿಕೆ ಇಳಿದಾಗ ಪಂಪು ಹಾಕಿ ಮತ್ತೆ ಮೇಲೆತ್ತುತ್ತಾರೆ. ಯಜಮಾನರಿಗೂ ಇದು ಗೊತ್ತಿತ್ತು. ಇಬ್ಬರೂ ಆ ಬಗ್ಗೆ ಒಂದಕ್ಷರ ಆಡಲಿಲ್ಲ.

ಮರುದಿನ ಯಜಮಾನರು ಕಂಪನಿಯವರ ಜೊತೆ ಕೆಳಗೆ ಹೋದರು. ಬೆಳಿಗ್ಗೆ ಹಾಜಿಯ ಕಲ್ಲು ಮುಳುಗಿತ್ತು, ಮಧ್ಯಾಹ್ನ ಅದೇ ಹೊತ್ತಿಗೆ ನೀರು ಮತ್ತೆ ಇಳಿಯಿತು. ಹಾಜಿ ಕುಡಿದರು, ಆದರೆ ಎರಡೇ ಲೋಟ. ಏನೋ ಯೋಚನೆಯಲ್ಲಿದ್ದರು.

"ಇವತ್ತು ತಿಂಗಳ ಎಷ್ಟನೆಯ ದಿನ?"

ಜುಲೈ ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. "ಚಂದ್ರನದು ಕೇಳಿದೆ," ಎಂದರು. ಅವರ ತಿಂಗಳು ಚಂದ್ರನ ಜೊತೆ ಹುಟ್ಟಿ ಚಂದ್ರನ ಜೊತೆ ಮುಗಿಯುವುದು. ನನ್ನ ಹೆಂಡತಿಯ ಏಕಾದಶಿಗೆ ಇನ್ನು ಮೂರು ದಿನ ಇತ್ತು. ಲೆಕ್ಕ ಹಾಕಿ ಎಂಟು ಎಂದೆ. ಹೂಂ ಎಂದರು, ಬೆರಳು ಮಡಿಸಿ ಏನೋ ಎಣಿಸತೊಡಗಿದರು.

ಮೂರನೆಯ ದಿನ ಹೊರಡುವುದಿತ್ತು. ಇನ್ನೊಂದು ಊರಿನಲ್ಲಿ ಯಜಮಾನರಿಗೆ ಮೀಟಿಂಗ್. ಅವರು ಸಾಮಾನು ಕಟ್ಟುತ್ತಿದ್ದಾಗ ನಾನು ಹಾಜಿಯನ್ನು ಕೊನೆಯ ಸಲ ನೀರಿನ ಹತ್ತಿರ ಕರೆದೊಯ್ದೆ. ಲೋಟ ತುಂಬಿ ಕೈಗೆ ಕೊಟ್ಟೆ. ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಹಿಂದಿ, ಅಷ್ಟಮಿಯ ದಿನ ಸಮುದ್ರಕ್ಕೆ ಜೋರಿರುವುದಿಲ್ಲ. ನೀರು ಇಷ್ಟು ಇಳಿಯಬಾರದು. ಮತ್ತೆ ಇಳಿತ ದಿನದಿನಕ್ಕೆ ತಡವಾಗಬೇಕು. ಇಲ್ಲಿ ಮೊನ್ನೆಯ ಹೊತ್ತಿಗೇ ನಿನ್ನೆಯೂ ಇಳಿಯಿತು." ಅಷ್ಟಮಿ ಎಂಬ ಮಾತನ್ನೂ ಅವರು ನಮ್ಮ ಬಂದರುಗಳಲ್ಲೇ ಕಲಿತಿರಬೇಕು. "ನನ್ನ ಮಗ ನನಗೆ ಒಳ್ಳೆಯದಾಗಲಿ ಅಂತ ಏನು ಬೇಕಾದರೂ ಹೇಳುತ್ತಾನೆ. ನೀನು ಹೊರಗಿನವನು. ನೀರು ಬಲ್ಲವನು. ಇದು ಯಾಕೆ ಇಳಿಯುತ್ತದೆ?"

ಶತ್ತಿನಲ್ಲಿ ಈಗ ಹೀಗೆ ಹಾಜಿ, ಯುದ್ಧದಿಂದ ಎಲ್ಲ ಏರುಪೇರಾಗಿದೆ ಎನ್ನಬಹುದಿತ್ತು. ಅಷ್ಟು ಸಾಕಿತ್ತು. ಆ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅವರು ಕೇಳಿದ್ದು ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನನ್ನು ಕೇಳುವ ಹಾಗಿತ್ತು. ಆರು ವರ್ಷದಲ್ಲಿ ಆ ದೇಶದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನನಗೆ ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ಹೇಳಿದೆ. ಅವರ ಅಂಗೈ ಬಿಡಿಸಿ, ಮೇಲೊಂದು ಕೊಳ, ಕೆಳಗೊಂದು ಕೊಳ, ನಡುವೆ ಕೊಳವೆ ಎಂದು ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಹಗಲು ಹೀಗೆ, ಇರುಳು ಹೀಗೆ. ಎಷ್ಟು ಬಲದ ಪಂಪು ಎಂಬುದನ್ನೂ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಒಂದೇ ಪ್ರಶ್ನೆ ಕೇಳಿದರು.

"ಹಾಗಾದರೆ ಅದೇ ನೀರೇ ಇಳಿಯುವುದು, ಅದೇ ನೀರೇ ಏರುವುದು?"

"ಹೆಚ್ಚುಕಡಿಮೆ ಅದೇ, ಹಾಜಿ."

"ಮಶೀನಿನ ನೀರು," ಎಂದರು. ಕೋಪ ಇರಲಿಲ್ಲ. ತೊಡೆಯ ಮೇಲಿದ್ದ ಲೋಟವನ್ನು ಎತ್ತಿ, ಕುರ್ಚಿಯ ಪಕ್ಕಕ್ಕೆ ನಿಧಾನವಾಗಿ ಸುರಿದರು. ಒಂದು ಹನಿಯೂ ಕಾಲಿನ ಮೇಲೆ ಬೀಳದಂತೆ ಸುರಿದರು. ಆಮೇಲೆ ಖಾಲಿ ಲೋಟ ನನಗೆ ಕೊಟ್ಟು, "ಖಲಾಸ್. ನನ್ನನ್ನು ಮನೆಗೆ ಕರೆದುಕೊಂಡು ಹೋಗು," ಎಂದರು.

ನಾನು ಏನೇನೋ ಅಂದೆ. ಇದು ಬೆಟ್ಟದ ನೀರು, ಹಿಮ ಕರಗಿ ಬಂದದ್ದು, ಪಂಪು ಬರೀ ಎತ್ತುತ್ತದೆ, ನೀರಿಗೆ ಏನೂ ಮಾಡುವುದಿಲ್ಲ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಯಜಮಾನರು ಬಂದು ಬಾಟಲಿಯಲ್ಲಿ ಆ ನೀರನ್ನೇ ತುಂಬಿಸಿಕೊಂಡು, ದಾರಿಯಲ್ಲಿ ಕಾರು ನಿಲ್ಲಿಸಿ ನಿಲ್ಲಿಸಿ ತುಟಿಗೆ ಹಿಡಿದರು. ಹಾಜಿ ಬಾಯಿ ತೆರೆಯಲಿಲ್ಲ. "ನದಿ ಬಿಟ್ಟು ಬಂದ ಸಂಕಟ ಇರಬೇಕು," ಎಂದು ಯಜಮಾನರು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಬಾಟಲಿಯ ಮುಚ್ಚಳ ಹಾಕಿದೆ.

ಕುವೈತ್‌ಗೆ ಮರಳಿದ ಮೇಲೆ ಅವರು ಚಮಚೆಯನ್ನೂ ಮುಟ್ಟಲಿಲ್ಲ. ಹೊರಡುವ ಮೊದಲು ನಾಲ್ಕಾರು ಚಮಚೆಯಾದರೂ ಹೋಗುತ್ತಿತ್ತು, ಯಾಕೆಂದರೆ ಆಗ ಶತ್ ಇನ್ನೂ ಒಂದು ಕಡೆ ಇತ್ತು, ಯಾವತ್ತಾದರೂ ಹೋಗಬಹುದಿತ್ತು. ಈಗ ಅವರ ಪಾಲಿಗೆ ಹೋಗಿ ಬಂದಾಗಿತ್ತು, ಅಲ್ಲಿ ಸಿಕ್ಕಿದ್ದೂ ಮಶೀನಿನ ನೀರೇ. ಆಸ್ಪತ್ರೆಯಲ್ಲಿ ಕೈ ಕಟ್ಟಿ ಗ್ಲೂಕೋಸ್ ಹಾಕಿದರು. ನಾನು ದಿನಾ ಸಂಜೆ ಹೋಗಿ ನಿಲ್ಲುತ್ತಿದ್ದೆ. ಒಂದು ಸಲ ಹಿಂದಿಯಲ್ಲಿ, ಹಾಜಿ, ಪಂಪಿನ ಮಾತು ನಾನು ಹೇಳಿದ ಸುಳ್ಳು, ಅದು ಶತ್ತೇ ಎಂದೆ. ನನ್ನ ಕಡೆಗೆ ಮುಖ ತಿರುಗಿಸಿದರು. ನಕ್ಕರೋ ಏನೋ, ತುಟಿ ಒಡೆದಿದ್ದರಿಂದ ಗೊತ್ತಾಗಲಿಲ್ಲ. ಹದಿನಾರನೆಯ ದಿನ ಹೋಗಿಬಿಟ್ಟರು.

ಅವರ ಪದ್ಧತಿಯಂತೆ ಸಾಂತ್ವನಕ್ಕೆಂದು ಮೂರು ದಿನ ಮನೆಯಲ್ಲಿ ಗಂಡಸರೆಲ್ಲ ಸೇರಿ ಕೂತಿದ್ದರು. ಯಜಮಾನರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳಿದರು. ಈ ಮನುಷ್ಯ ನನ್ನ ತಂದೆಗೆ ಕೊನೆಗಾಲದಲ್ಲಿ ಹೊಟ್ಟೆ ತುಂಬ ನೀರು ಕುಡಿಸಿದ, ನಾನು ಮಗನಾಗಿ ಮಾಡಲಾಗದ್ದನ್ನು ಮಾಡಿದ ಎಂದು. ಗಡ್ಡ ಬೆಳ್ಳಗಾದ ಮುದುಕರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಕಾಫಿಯ ಸಣ್ಣ ಬಟ್ಟಲು ಕೊಟ್ಟರು. ಕುಡಿದೆ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ಯಜಮಾನ್ರಿಗೆ ಹೇಳಿದ್ರಾ?" ಎಂದಳು. ಇಲ್ಲ ಎಂದೆ. ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ವಫ್ರಾದ ಒಂದು ತೋಟದಲ್ಲಿ ಪಂಪು ಹಾಕುವುದಿತ್ತೆಂದು ಯಜಮಾನರೂ ನಾನೂ ಅವರ ಕಾರಿನಲ್ಲಿ ಹೊರಟಿದ್ದೆವು. ಅವರು ಬಹಳ ಇಳಿದುಹೋಗಿದ್ದರು. ಆ ಬೇಸಿಗೆಯಿಂದ ಈಚೆಗೆ ಅವರು ಎಲ್ಲಿಗೂ ಪ್ರವಾಸ ಹೋಗಿರಲಿಲ್ಲ, ಶೋರೂಮಿನಲ್ಲೂ ಮಾತು ಕಡಿಮೆ. ಮರಳ ನಡುವೆ ನೇರ ರಸ್ತೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಮಾತಾಡಿದರು.

"ಅಲ್ಲಿ ಎರಡು ದಿನ ಅವರು ಕುಡಿದರು. ಹೊರಟ ದಿನದಿಂದ ಬಿಟ್ಟರು. ನಾನು ಅವತ್ತು ಮೀಟಿಂಗ್ ಅಂತ ಎಬ್ಬಿಸಿಕೊಂಡು ಬಂದೆ. ಏನು ಮೀಟಿಂಗ್ ಅಂತ ಈಗ ನೆನಪೂ ಇಲ್ಲ." ಆಮೇಲೆ ಕೇಳಿದರು: "ನೀನು ಜೊತೆಗಿದ್ದೆ, ನಿನಗೆ ಗೊತ್ತಿರುತ್ತದೆ. ಇನ್ನೊಂದು ವಾರ ಅಲ್ಲೇ ಇದ್ದಿದ್ದರೆ ಕುಡಿಯುತ್ತಿದ್ದರಲ್ಲವೇ?"

ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ನನ್ನ ವಾಸದ ಪರವಾನಗಿ ಇಕಾಮಾ, ಹೆಂಡತಿಯ ವೀಸಾ, ಶಾಲೆಗೆ ಸೇರಿಸಿದ್ದ ಮಗಳು, ಎಲ್ಲ ಒಂದೇ ಗಳಿಗೆಯಲ್ಲಿ ಕಣ್ಣ ಮುಂದೆ ಬಂದವು.

"ಕುಡಿಯುತ್ತಿದ್ದರು," ಎಂದೆ.

ಯಜಮಾನರು ತಲೆಯಾಡಿಸಿದರು. "ಹಾಗಾದರೆ ನಾನೇ," ಎಂದರು. ವಫ್ರಾ ಇನ್ನೂ ಇಪ್ಪತ್ತು ಕಿಲೋಮೀಟರ್ ಇತ್ತು.